ವಂತಿಗೆಯ ತಕ್ಕಡಿ ಯಾರ ಕೈಯಲ್ಲಿರಬೇಕು?

ಕಲೆಗಾಗಿ ಜನರಲ್ಲಿ ಹಣ ಕೇಳುವುದೆಂದರೆ ಭಿಕ್ಷೆ ಎಂದು ತಿಳಿದ ಸದ್ಗೃಹಸ್ಥರ ಪಂಗಡವೊಂದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಕೇಳುವುದೇ ಆದರೆ ಅಮೆರಿಕದ ಯಾವುದಾದರೊಂದು ಕಂಪನಿಯ ಮುಖಾಂತರ ಕೇಳಬೇಕು, ಆಗ ಅದಕ್ಕೊಂದು ಅಂತಸ್ತು ಬರುತ್ತದೆ ಎಂದು ತಿಳಿದವರ ಇನ್ನೊಂದು ಪಂಗಡ ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಹುಟ್ಟಿಕೊಂಡಿದೆ. ಮೊದಲಿನವರು ಪಂಚೆ ಉಟ್ಟವರು, ಎರಡನೆಯವರು ಲ್ಯಾಪ್‌ಟಾಪ್ ಹಿಡಿದವರು. ಉಳಿದಂತೆ ಇಬ್ಬರೂ ಒಂದೇ ಮನೆಯವರು. ನಮ್ಮ ಜನರ ಕೈಯಿಂದ ನಮ್ಮ ಜನರ ಕೈಗೆ ಹಣ ನೇರವಾಗಿ ದಾಟುವುದೆಂದರೆ ಇಬ್ಬರಿಗೂ ಸಂಕೋಚ. ಇಬ್ಬರೊಡನೆಯೂ ನನಗೆ ಜಗಳವಿದೆ. ಅದನ್ನು ಇಲ್ಲಿ ಬಹಿರಂಗವಾಗಿಯೇ ಆಡುತ್ತೇನೆ.

ಜಗಳಕ್ಕೆ ಕಾರಣವಾದ ಸಂಗತಿಯನ್ನು ಹೇಳಿಬಿಡುವುದು ಮೇಲು. ನನ್ನ ಊರು ಶಿರಸಿ ತಾಲ್ಲೂಕಿನ ಮತ್ತಿಘಟ್ಟ. ಅಲ್ಲಿ ಮನೆಗೂ ಮನೆಗೂ ನಡುವೆ ಒಂದು ತೋಟ, ಒಂದು ಹಳ್ಳ, ಒಂದು ಏರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ಭಾಗದಲ್ಲಿ ಮನೆ ಮನೆ ತಿರುಗಿ ಹೆಂಗಸರ ಹಾಡುಗಳನ್ನು ಧ್ವನಿಮುದ್ರಿಸುತ್ತಿದ್ದಾಳೆ. ಅರಿಸಿನ ಎಣ್ಣೆಯ ಹಾಡು, ಹಸೆಗೆ ಕರೆಯುವ ಹಾಡು, ಹೆಣ್ಣು ಒಪ್ಪಿಸುವ ಹಾಡು; ಯಲ್ಲಾಪುರದ ಕಡೆಗೆ ಹೋದಾಗ ಸಿದ್ದಿಯರ ಡಮಾಮಿಯನ್ನೂ ಬಿಟ್ಟಿಲ್ಲ. ಅವನ್ನೆಲ್ಲ ಪಾಠ, ಅರ್ಥ, ಹಾಡಿದವರ ವಿವರಗಳೊಡನೆ ಅಂತರ್ಜಾಲದಲ್ಲಿ ಬಿಡಿಬಿಡಿಯಾಗಿ ಪ್ರಕಟಿಸುತ್ತಾಳೆ. ಹಿಂದೆ ಕುಮಟೆಯ ಎಲ್. ಆರ್. ಹೆಗಡೆಯವರು ಅಧ್ಯಾಪಕ ವೃತ್ತಿಯ ಜತೆಗೆ ಜೀವಮಾನವಿಡೀ ಮಾಡಿದ ಕೆಲಸ ಇದು. ಹೆಗಡೆಯವರಿಗೆ ತಿಂಗಳ ಸಂಬಳವಿತ್ತು, ಇವಳಿಗೆ ಇಲ್ಲ. ಹಾಡುವ ಅಜ್ಜಿಯರ ವಯಸ್ಸು ಎಂಬತ್ತು, ತೊಂಬತ್ತು. ಒಂದು ಮಳೆಗಾಲ ಕಳೆದು ಮತ್ತೆ ಹೋದರೆ ಕೆಲವು ಮನೆಗಳಲ್ಲಿ ಹಾಡೂ ಇಲ್ಲ, ಹಾಡಿದವರೂ ಇಲ್ಲ. ಈ ಹುಡುಗಿ ಬೆಂಗಳೂರಿನಲ್ಲಿ ಯಾವುದೋ ಕಂಪನಿಯ ಕೆಲಸಕ್ಕೆ ಹೊರಟುಹೋದರೆ ಆ ಹಾಡುಗಳಿಗೆ ಎರಡನೆಯ ಅವಕಾಶವಿಲ್ಲ. ಆದ್ದರಿಂದ ಯಾವ ವೇದಿಕೆಯ ಮೂಲಕ ಹಣ ಕೂಡಿಸಬೇಕೆಂಬುದು ನಮ್ಮ ಪಾಲಿಗೆ ಬರಿಯ ತಾಂತ್ರಿಕ ಪ್ರಶ್ನೆಯಲ್ಲ.

ಅವಳಿಗೆ ಸಲಹೆ ಕೊಟ್ಟವರು ಬಹಳ. ಒಬ್ಬರು 'ಪೇಟ್ರಿಯಾನ್ ತೆರೆ' ಎಂದರು. ಇನ್ನೊಬ್ಬರು 'ಕಾಫಿ ಕೊಡಿಸಿ' ಎಂಬ ಹೆಸರಿನ ತಾಣ ತೋರಿಸಿದರು. ಮೂರನೆಯವರು, 'ಯೂಟ್ಯೂಬಿನಲ್ಲೇ ಸದಸ್ಯತ್ವವಿದೆಯಲ್ಲ' ಎಂದರು. ಊರಿನ ಹಿರಿಯರೊಬ್ಬರು ಮಾತ್ರ, 'ಹಾಡಿಗೆ ದುಡ್ಡು ಕೇಳುವುದೇ?' ಎಂದು ಕವಳ ಉಗುಳಿ ಎದ್ದುಹೋದರು.

ಈ ಹಿರಿಯರಿಗೆ ಮೊದಲು ಉತ್ತರ ಹೇಳಬೇಕು. ಸ್ವಾಮಿ, ವಂತಿಗೆ ಎಂಬ ಮಾತು ನಮ್ಮದೇ ಅಲ್ಲವೇ? ದೇವಸ್ಥಾನದ ತೇರಿಗೆ, ಶಾಲೆಯ ಹೆಂಚಿಗೆ, ಹಳ್ಳದ ಸಂಕಕ್ಕೆ ಊರೊಟ್ಟಿನ ಲೆಕ್ಕದಲ್ಲಿ ಮನೆಗಿಷ್ಟು ಎಂದು ಎತ್ತಿದವರು ಭಿಕ್ಷುಕರೇ? ಆಟವಾಡಿಸುವುದಕ್ಕೆ ಮೇಳಕ್ಕೆ ವೀಳ್ಯ ಕೊಟ್ಟವರು ಭಿಕ್ಷೆ ಹಾಕಿದರೇ? ಇನ್ನು ಸಾಹಿತ್ಯದ ಮಾತು. ಗಳಗನಾಥರು ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದ ಓದುಗ ವರ್ಗವೆಂಬುದು ಬಹುಮಟ್ಟಿಗೆ ಹುಟ್ಟಿದ್ದೇ ಆ ಗಂಟಿನಿಂದ. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಕಟ್ಟಿದ್ದು ಚಂದಾದಾರರ ಬಲದ ಮೇಲೆ. ವಾಚಕರು ವರ್ಷದ ಚಂದಾ ಮೊದಲೇ ಕೊಡಬೇಕು, ಪುಸ್ತಕ ಆಮೇಲೆ ಬರಬೇಕು. ಯಾವ ಪುಸ್ತಕವೆಂಬುದನ್ನು ಮಾಲೆಯವರೇ ನಿಶ್ಚಯಿಸಬೇಕು. ಆ ಅಟ್ಟದ ಮೇಲಿನಿಂದ 1961ರಲ್ಲಿ 'ಯಯಾತಿ' ಎಂಬ ನಾಟಕ ಬಂತು. ಬರೆದವನು ಇಪ್ಪತ್ಮೂರು ವಯಸ್ಸಿನ, ಅದುವರೆಗೆ ಯಾರೂ ಹೆಸರು ಕೇಳದ ತರುಣ. ನಮ್ಮ ಶಿರಸಿಯಲ್ಲೇ ಬಾಲ್ಯ ಕಳೆದ ಗಿರೀಶ ಕಾರ್ನಾಡ. ಹೆಸರಿಲ್ಲದವನ ಕೃತಿಗೆ ಅಂಗಡಿಯ ಗಿರಾಕಿ ಹಣ ತೆಗೆಯಲಾರ. ಚಂದಾದಾರನಾದರೋ ಮೊದಲೇ ತೆತ್ತಿದ್ದಾನೆ. ಇಂದು ಇಂಗ್ಲಿಷಿನ ಹೆಸರಿಟ್ಟುಕೊಂಡು ಹೊಸ ಶೋಧವೆಂಬಂತೆ ಮೆರೆಯುತ್ತಿರುವ ಪದ್ಧತಿ ಇದಕ್ಕಿಂತ ಬೇರೆಯಲ್ಲ. ಹಾಡು ಕೇಳಿ ಸಂತೋಷಪಟ್ಟು ಹಣ ಕೇಳಿದೊಡನೆ ಸಂಸ್ಕೃತಿಯ ನೆನಪು ಮಾಡಿಕೊಳ್ಳುವವರ ಜತೆ ಇದಕ್ಕಿಂತ ಹೆಚ್ಚು ವಾದ ನನಗೆ ಬೇಡ.

ಎರಡನೆಯ ಪಂಗಡದವರ ವಿಷಯದಲ್ಲಿ ಮಾತು ಉದ್ದವಾಗಬೇಕು. ಅವರು ವೇದಿಕೆಗಳನ್ನು ಅಳೆಯುವುದು ಶೇಕಡಾ ಲೆಕ್ಕದಲ್ಲಿ. ಇದು 5 ತೆಗೆದುಕೊಳ್ಳುತ್ತದೆ, ಅದು 10 ತೆಗೆದುಕೊಳ್ಳುತ್ತದೆ, ಆದ್ದರಿಂದ ಇದು ಮೇಲು. ಸರಿ, ಆ ಲೆಕ್ಕವನ್ನೇ ನೋಡೋಣ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭವಾದ ಪೇಟ್ರಿಯಾನ್ ಮೊದಲು ಕಲಾವಿದನಿಂದ ಶೇಕಡಾ 5 ಪಡೆಯುತ್ತಿತ್ತು. 2025ರ ಆಗಸ್ಟಿನಿಂದ ಹೊಸಬರಿಗೆಲ್ಲ ಶೇಕಡಾ 10 ಮಾಡಿದೆ. ಯೂಟ್ಯೂಬಿನ ಸದಸ್ಯತ್ವದಲ್ಲಿ ಕಂಪನಿಯ ಪಾಲು ಶೇಕಡಾ 30. ಅದೂ ಎಲ್ಲರಿಗಿಲ್ಲ. 2023ರಲ್ಲಿ ಸಡಿಲಿಸಿದ ನಿಯಮದಂತೆಯೂ 500 ಮಂದಿ ಚಂದಾದಾರರು, ವರ್ಷದಲ್ಲಿ 3,000 ಗಂಟೆಗಳ ವೀಕ್ಷಣೆ ಮುಂತಾದ ಮೆಟ್ಟಿಲು ಹತ್ತಿಬಂದವರಿಗೆ ಮಾತ್ರ. ನ್ಯೂಯಾರ್ಕಿನ ಕಿಕ್‌ಸ್ಟಾರ್ಟರ್ ಶೇಕಡಾ 5ಕ್ಕೆ ತೃಪ್ತವಾಗುತ್ತದೆ. ಆದರೆ ಭಾರತದಲ್ಲಿ ನೆಲೆಸಿದ ಕಲಾವಿದನಿಗೆ ಅದರ ಬಾಗಿಲು ತೆರೆದಿಲ್ಲ. ಕಾಫಿಯ ತಾಣವೂ ಶೇಕಡಾ 5ರದೇ. ಆದರೆ ಅದು ಹಣ ಸಾಗಿಸಲು ನೆಚ್ಚಿರುವ ಸ್ಟ್ರೈಪ್ ಕಂಪನಿ 2024ರಲ್ಲಿ, ಭಾರತದಲ್ಲಿ ಇನ್ನು ಆಹ್ವಾನವಿದ್ದವರಿಗೆ ಮಾತ್ರ ಖಾತೆ ಎಂದುಬಿಟ್ಟಿತು.

ಇದು ಮೇಲಿನ ಲೆಕ್ಕ. ಒಳಗಿನ ಲೆಕ್ಕ ಬೇರೆಯಿದೆ. ಕಾರ್ಡಿನ ಮೂಲಕ ಹಣ ಸಾಗಿಸುವ ವೆಚ್ಚದಲ್ಲಿ ಶೇಕಡಾವಾರಿನ ಜತೆಗೆ ಪ್ರತಿ ಪಾವತಿಗೂ ಇಷ್ಟು ಸೆಂಟು ಎಂಬ ನಿಶ್ಚಿತ ಮೊತ್ತವೊಂದು ಇರುತ್ತದೆ. ಇಪ್ಪತ್ತು ಡಾಲರು ಕೊಡುವವನ ಹಣದಲ್ಲಿ ಅದು ಕಾಣಿಸುವುದೇ ಇಲ್ಲ. ಒಂದು ಡಾಲರು ಕೊಡುವವನ ಹಣವನ್ನು ಅದು ಕಚ್ಚಿ ತಿನ್ನುತ್ತದೆ. 2017ರ ಡಿಸೆಂಬರಿನಲ್ಲಿ ಪೇಟ್ರಿಯಾನ್ ಈ ವೆಚ್ಚವನ್ನು ಪೋಷಕರ ತಲೆಗೇ ಕಟ್ಟಲು ಹೊರಟಿತು: ಶೇಕಡಾ 2.9 ಮತ್ತು ಮೇಲೆ 35 ಸೆಂಟು. ಒಂದು ಡಾಲರು ಕೊಡುತ್ತಿದ್ದವನು 1 ಡಾಲರು 38 ಸೆಂಟು ತೆರಬೇಕಾಗುತ್ತಿತ್ತು. ಸಣ್ಣ ಪೋಷಕರು ಗುಂಪುಗುಂಪಾಗಿ ಬಿಟ್ಟುಹೋಗತೊಡಗಿದರು, ಕಲಾವಿದರು ಕೂಗೆಬ್ಬಿಸಿದರು, ಒಂದು ವಾರದೊಳಗೆ ಕಂಪನಿ ಕ್ಷಮೆ ಕೇಳಿ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಹಿಂತೆಗೆದುಕೊಂಡಿತೆಂಬುದು ಸಮಾಧಾನದ ಮಾತೇ. ಆದರೆ ಆ ಒಂದು ವಾರದಲ್ಲಿ ಕಲಾವಿದನ ಕೈಯಲ್ಲಿ ಏನಿತ್ತು? ಕೂಗುವುದೊಂದೇ.

ಈಗ ಮತ್ತಿಘಟ್ಟದ ಪರಿಸ್ಥಿತಿಗೆ ಬನ್ನಿ. ಯಲ್ಲಾಪುರದ ಒಬ್ಬ ಮಾಸ್ತರರು ಮತ್ತಿಘಟ್ಟದ ಹುಡುಗಿಗೆ ತಿಂಗಳಿಗೆ ನೂರು ರೂಪಾಯಿ ಕೊಡಬೇಕೆಂದುಕೊಳ್ಳುತ್ತಾರೆ. ಆ ನೂರು ರೂಪಾಯಿ ಡಾಲರಾಗಿ ಸಮುದ್ರ ದಾಟಿ, ಅಲ್ಲಿ ಸುಂಕ ತೆತ್ತು, ಮತ್ತೆ ರೂಪಾಯಿಯಾಗಿ ಈಚೆ ಬಂದು, ಬದಲಾವಣೆಯ ಬಟ್ಟವನ್ನೂ ಕಳೆದುಕೊಂಡು ಶಿರಸಿಯ ಬ್ಯಾಂಕು ಸೇರುತ್ತದೆ. ಯಲ್ಲಾಪುರಕ್ಕೂ ಶಿರಸಿಗೂ ನಡುವೆ ಬಸ್ಸಿದೆ ಎಂಬುದನ್ನು ಈ ಸಲಹೆಗಾರರು ಮರೆತಂತಿದೆ. ಅವಳು ಇಂಥ ಒಂದು ಪರದೇಶೀ ತಾಣದಲ್ಲಿ — ಹೆಸರು ಬೇಡ — ಕೆಲವು ತಿಂಗಳು ಪ್ರಯತ್ನಿಸಿ ನೋಡಿದಳು. ನೂರಕ್ಕೆ ಎಪ್ಪತ್ತರಷ್ಟು ಕೈಗೆ ಬಂತು. ಸಾಲದುದಕ್ಕೆ 2021ರ ಅಕ್ಟೋಬರದಿಂದ ರಿಸರ್ವ್ ಬ್ಯಾಂಕು ಕಾರ್ಡಿನ ಮಾಸಿಕ ವಸೂಲಿಗೆ ಹೊಸ ಕಟ್ಟಳೆ ವಿಧಿಸಿ, ಅದಕ್ಕೆ ಹೊಂದಿಕೊಳ್ಳಲಾರದೆ ಅನೇಕ ಪರದೇಶೀ ಕಂಪನಿಗಳ ವಸೂಲಿ ಮುಗ್ಗರಿಸಿತು. ಮಾಸ್ತರರು ತಾವು ಕೊಡುತ್ತಲೇ ಇದ್ದೇನೆಂದು ತಿಳಿದಿರುತ್ತಾರೆ. ಇತ್ತ ಹುಡುಗಿ ಅವರು ಬಿಟ್ಟರೆಂದು ತಿಳಿದಿರುತ್ತಾಳೆ.

1976ರ 'ಮಂಥನ' ಚಿತ್ರವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಶ್ಯಾಮ್ ಬೆನೆಗಲ್ಲರ ಆ ಚಿತ್ರಕ್ಕೆ ಹಣ ಹಾಕಿದವರು ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು. ತಲೆಗೆ ಎರಡು ರೂಪಾಯಿ. ಆ ಎರಡು ರೂಪಾಯಿಯನ್ನು ಇಂದಿನ ಯಾವ ಘನ ವೇದಿಕೆಯ ಮೂಲಕ ಕಳಿಸಿದ್ದರೂ ದಾರಿಯಲ್ಲೇ ಆವಿಯಾಗುತ್ತಿತ್ತು. ಅದು ನಿಂತದ್ದು ಹೇಗೆ? ರೈತರದೇ ಆದ ಹಾಲಿನ ಸಂಘವಿತ್ತು, ಹಣ ಸಂಘದಲ್ಲೇ ಕೂಡಿತು. ಕನ್ನಡದ ಉದಾಹರಣೆ ಬೇಕಾದರೆ 'ಲೂಸಿಯಾ' ಇದೆ. ನಿರ್ಮಾಪಕರ ಬಾಗಿಲು ತಟ್ಟಿ ಬೇಸತ್ತ ಪವನ್ ಕುಮಾರ್ 2012ರಲ್ಲಿ ತಮ್ಮದೇ ಪುಟದಲ್ಲಿ ತಮ್ಮ ಅಸಮಾಧಾನವನ್ನು ಬರೆದರು. ಒಂದು ತಿಂಗಳೊಳಗೆ 110 ಮಂದಿಯಿಂದ 50 ಲಕ್ಷದಷ್ಟು ಹಣ ಕೂಡಿತು. 2013ರ ಸಪ್ಟಂಬರದಲ್ಲಿ ಚಿತ್ರ ತೆರೆ ಕಂಡಿತು. ಅಲ್ಲಿಯೂ ಮಧ್ಯವರ್ತಿ ಇರಲಿಲ್ಲವೆಂಬುದನ್ನು ಗಮನಿಸಬೇಕು. ಕೇಳಿದವನ ಮುಖ ಕೊಟ್ಟವರಿಗೆ ಗೊತ್ತಿತ್ತು, ಕೊಟ್ಟವರ ಹೆಸರು ಕೇಳಿದವನ ಬಳಿಯಿತ್ತು.

ಈ ಹೆಸರಿನ ಪಟ್ಟಿಯ ಮಾತು ಶೇಕಡಾ ಲೆಕ್ಕಕ್ಕಿಂತ ದೊಡ್ಡದು. ಜೋಶಿಯವರ ಆಸ್ತಿಯೆಂದರೆ ಮುದ್ರಣದ ಕಾಗದವಲ್ಲ, ಚಂದಾದಾರರ ವಿಳಾಸದ ವಹಿ. ಅಂಚೆಯವರು ದರ ಹೆಚ್ಚಿಸಬಹುದು, ಮುದ್ರಕ ಕೈಕೊಡಬಹುದು. ವಹಿಯಿದ್ದರೆ ಮಾಲೆ ನಿಲ್ಲುವುದಿಲ್ಲ. ವೇದಿಕೆಯ ಮೇಲೆ ಅನುಯಾಯಿಗಳನ್ನು ಕೂಡಿಸಿಕೊಂಡವನಿಗೆ ಇಂಥ ವಹಿ ಎಲ್ಲಿದೆ? ಬೆಂಗಳೂರಿನಲ್ಲೇ ಹುಟ್ಟಿ ಕನ್ನಡಕ್ಕೆ ಮೊದಲ ಮಣೆ ಹಾಕಿದ 'ಕೂ' ಎಂಬ ತಾಣ 2020ರಲ್ಲಿ ಬಂದು 2024ರಲ್ಲಿ ಮುಚ್ಚಿತು. ಅಲ್ಲಿ ಸಾವಿರಗಟ್ಟಲೆ ಜನರನ್ನು ಕೂಡಿಸಿಕೊಂಡಿದ್ದ ಕನ್ನಡದ ಬರಹಗಾರರು ಮರುದಿನ ಯಾರನ್ನು ಎಲ್ಲಿ ಹುಡುಕಬೇಕಿತ್ತು? ಅದು ಹಣದ ವೇದಿಕೆಯಲ್ಲ, ಮಾತಿನ ವೇದಿಕೆ, ನಿಜ. ಹಣದ್ದಾದರೆ ಪೆಟ್ಟು ಇನ್ನೂ ಬಲವಾಗಿಯೇ ಬೀಳುತ್ತದೆ.

ಅಡಕೆ ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಸಾಹುಕಾರನ ಮಂಡಿಯಲ್ಲಿ ಮುಂಗಡ ಪಡೆದು, ಅವನದೇ ತಕ್ಕಡಿಯಲ್ಲಿ ತೂಗಿಸಿ, ಅವನು ಹೇಳಿದ ದರಕ್ಕೆ ತಲೆಯಾಡಿಸಿ ಬರುತ್ತಿದ್ದ ಕಾಲವಿತ್ತು. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿದ್ದು ಆ ತಕ್ಕಡಿಯನ್ನು ಬೆಳೆಗಾರನ ಕಡೆಗೆ ತರುವುದಕ್ಕೆ. ಸಂಘವೂ ಕಮಿಷನ್ ತೆಗೆದುಕೊಳ್ಳುತ್ತದೆ; ಆ ಬಗ್ಗೆ ನಾವು ಗೊಣಗುವುದೂ ಉಂಟು. ಆದರೆ ಸರ್ವಸಾಧಾರಣ ಸಭೆಯಲ್ಲಿ ಎದ್ದುನಿಂತು ಗೊಣಗುವ ಹಕ್ಕು ಸದಸ್ಯನಿಗಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಮ್ಮ ಸರ್ವಸಾಧಾರಣ ಸಭೆ ಯಾವಾಗ? ಹತ್ತು ರೂಪಾಯಿ ಹೆಚ್ಚು ಹೋಯಿತೆಂಬುದು ನನ್ನ ತಕರಾರಲ್ಲ. ದರವನ್ನು ಒಬ್ಬರೇ ಕೂತು ಗೊತ್ತುಮಾಡುತ್ತಾರೆಂಬುದು ತಕರಾರು. ಅವರ ಮೇಲೂ ಒಬ್ಬರಿದ್ದಾರೆ: 2024ರ ನವೆಂಬರದಿಂದ ಆ್ಯಪಲ್ ಕಂಪನಿ, ತನ್ನ ಫೋನಿನ ಆ್ಯಪ್‌ನೊಳಗಿಂದ ಪೇಟ್ರಿಯಾನಿಗೆ ಹೊಸದಾಗಿ ಸೇರುವ ಪೋಷಕರ ಹಣದಲ್ಲಿ ಶೇಕಡಾ 30ರ ಪಾಲು ಕೇಳಲಾರಂಭಿಸಿತು. ದಲ್ಲಾಳಿಗೂ ಒಬ್ಬ ದಲ್ಲಾಳಿ!

ಇನ್ನೊಂದು ಅಂಶವನ್ನು ಸಲಹೆಗಾರರು ಯೋಚಿಸಿಯೇ ಇಲ್ಲ. ಹಣ ಬರುವ ದಾರಿ ಕಲೆಯ ರೂಪವನ್ನೇ ತಿದ್ದುತ್ತದೆ. ಯಕ್ಷಗಾನ ಬಲ್ಲವರಿಗೆ ಇದು ಹೊಸತಲ್ಲ. ಹರಕೆಯ ಬಯಲಾಟದಲ್ಲಿ ಹಣ ಮೊದಲೇ ಸಂದಿರುತ್ತದೆ. ಎದುರಿಗೆ ನಾಲ್ಕು ಜನ ಕೂತರೂ ಭಾಗವತನಿಗೆ ಅಳುಕಿಲ್ಲ, ವಿಸ್ತಾರವಾದ ಪ್ರಸಂಗವನ್ನು ಅದರ ಗತಿಯಲ್ಲೇ ನಡೆಸಬಹುದು. ಡೇರೆ ಹಾಕಿ ಟಿಕೇಟು ಹರಿದ ಮೇಲೆ ಕುರ್ಚಿ ತುಂಬಬೇಕು, ಕುರ್ಚಿ ತುಂಬಲು ವರ್ಷಕ್ಕೊಂದು ಹೊಸ ಪ್ರಸಂಗ ಬೇಕು, ಹೊಸ ಪ್ರಸಂಗಕ್ಕೆ ಸಿನಿಮಾದ ಕಥೆ ಬೇಕು. ಡೇರೆ ಮೇಳಗಳಿಂದ ಕಲಾವಿದರ ಹೊಟ್ಟೆ ತುಂಬಿತು, ದೊಡ್ಡ ನಟರು ಬೆಳಕಿಗೆ ಬಂದರು. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಆಟ ಮೊದಲಿನ ಆಟವಾಗಿ ಉಳಿಯಲಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮಂಡಳಿ ತಲೆಮಾರುಗಳ ಕಾಲ ಈ ಎಳೆದಾಟವನ್ನು ಎದುರಿಸುತ್ತಲೇ ತನ್ನ ಮಟ್ಟವನ್ನು ಕಾದುಕೊಂಡದ್ದು ಸಾಮಾನ್ಯ ಸಾಧನೆಯಲ್ಲ.

ಮಾಸಿಕ ಪೋಷಣೆಯ ವೇದಿಕೆಗಳೂ ಹೀಗೆಯೇ ಒಂದು ಬಗೆಯ ಡೇರೆ. ತಿಂಗಳು ತಿಂಗಳು ಏನಾದರೂ ಕೊಡಬೇಕು. ಹೆಚ್ಚು ಕೊಟ್ಟವರಿಗೆ ಹೆಚ್ಚಿನ ಪ್ರಸಾದ ಹಂಚಬೇಕು. 'ನಿಮಗಾಗಿ ಮಾತ್ರ' ಎಂದು ಒಂದಷ್ಟನ್ನು ಬೀಗದೊಳಗಿಡಬೇಕು. ಆಷಾಢದಲ್ಲಿ ಮದುವೆಯಿಲ್ಲ, ಹಾಡೂ ಇಲ್ಲ. ಆ ತಿಂಗಳ ಬಾಬ್ತು ಅವಳು ಏನು ಕೊಡಬೇಕು? ಅಡಿಗೆಮನೆಯ ಚಿತ್ರವನ್ನೇ? ಅಜ್ಜಿ ತನ್ನ ತಾಯಿಯಿಂದ ಕಲಿತ ಹಾಡನ್ನು ಐನೂರು ರೂಪಾಯಿ ಕೊಟ್ಟವರಿಗೆ ಮಾತ್ರ ಕೇಳಿಸುವುದೆಂದರೆ ಹಾಡಿದ ಅಜ್ಜಿಗೇನು ಹೇಳುವುದು? ಪ್ರತಿದಿನ ಮಾತಾಡುವ ಹಾಸ್ಯಗಾರನಿಗೆ, ವಾರವಾರ ಪಾಠ ಹೇಳುವ ಗಣಿತದ ಮೇಷ್ಟರಿಗೆ ಮಾಸಿಕ ಪದ್ಧತಿ ಒಪ್ಪಬಹುದು. ಸಂಗ್ರಹದ ಕೆಲಸಕ್ಕೆ ಅದು ಸಲ್ಲದು.

ಹಾಗಾದರೆ ಒಂದು ಗುರಿ, ಒಂದು ಅವಧಿ ಇಟ್ಟುಕೊಂಡು ಕೇಳುವ ವೇದಿಕೆಗಳೋ? ಆ ಪದ್ಧತಿ ಹೆಚ್ಚು ಪ್ರಾಮಾಣಿಕವಾದದ್ದೆಂದು ನನ್ನ ಅಭಿಪ್ರಾಯ. ಗುರಿ ಮುಟ್ಟದಿದ್ದರೆ ಕೊಟ್ಟವರ ಹಣ ಅವರಿಗೇ ಉಳಿಯುತ್ತದೆ, ಮುಟ್ಟಿದರೆ ಕೆಲಸ ಮಾಡಿ ತೋರಿಸಬೇಕಾಗುತ್ತದೆ. ಗೋವಿನ ಹಾಡಿನ ಕಥೆಯನ್ನು ಎತ್ತಿಕೊಂಡು ರವಿಶಂಕರರು ಸಂಸ್ಕೃತದಲ್ಲಿ ತೆಗೆದ 'ಪುಣ್ಯಕೋಟಿ' ಚಲಿಸುವ ಚಿತ್ರ ಮುಂಬಯಿಯ ವಿಷ್‌ಬೆರಿ ಎಂಬ ಇಂಥ ತಾಣದಲ್ಲಿ ಹಣ ಕೂಡಿಸಿಕೊಂಡಿತ್ತು. ಆದರೆ ನಮ್ಮ ದೇಶದಲ್ಲಿ ಹೆಸರಾದ ಮಿಲಾಪ್, ಕೆಟ್ಟೊ ಮೊದಲಾದವು ಬಹುಮಟ್ಟಿಗೆ ಆಸ್ಪತ್ರೆಯ ಖರ್ಚಿನ ಮೊರೆಗಳಿಂದ ತುಂಬಿವೆ. ತುರ್ತು ಚಿಕಿತ್ಸೆಯ ಮಗುವಿನ ಚಿತ್ರದ ಪಕ್ಕದಲ್ಲಿ ಹಸೆಯ ಹಾಡಿಗೆ ಹಣ ಕೇಳಲು ಯಾರಿಗೆ ಮನಸ್ಸು ಬಂದೀತು? ಕೇಳಿದರೆ ಕೊಡುವವನಾದರೂ ಯಾವುದಕ್ಕೆ ಕೊಡಬೇಕು? ಪಾಲು ಮಾರಿ ಹಣ ಎತ್ತುವ ದಾರಿಯೂ ಇಲ್ಲ. ಅಂಥ ತಾಣಗಳಿಗೆ ತನ್ನ ಮನ್ನಣೆಯಿಲ್ಲವೆಂದು ಸೆಬಿ 2016ರಲ್ಲೇ ಎಚ್ಚರಿಸಿದೆ.

ನಾನು ಅವಳಿಗೆ ಹೇಳಿದ್ದು ಇಷ್ಟು. ಚಂದಾ ಎತ್ತು, ದಾನ ಬೇಡಬೇಡ. ವರ್ಷಕ್ಕೊಂದು ಸಲ, ಅಡಕೆಯ ಹಣ ಕೈಗೆ ಬರುವ ಕಾಲಕ್ಕೆ ಕೇಳು. ಹಾಡುಗಳೆಲ್ಲ ಎಲ್ಲರಿಗೂ ತೆರೆದಿರಲಿ. ಚಂದಾದಾರರಿಗೆ ವರ್ಷದ ಕೊನೆಗೆ ಪಾಠ ಸಹಿತವಾದ ಒಂದು ಸಂಪುಟ, ಜತೆಗೆ ಜಮಾಖರ್ಚಿನ ಒಂದು ಪುಟ. ಹಣ ಬರುವುದು ನೇರವಾಗಿ ಬ್ಯಾಂಕಿಗೆ. 2016ರಲ್ಲಿ ಯುಪಿಐ ಬಂದ ಮೇಲೆ ಶಿರಸಿ ಪೇಟೆಯ ಹಣ್ಣಿನ ಗಾಡಿಯವನೂ ಹಲಗೆ ತೂಗುಹಾಕಿ ದಮ್ಮಡಿ ಕಮಿಷನ್ ಕೊಡದೆ ಹಣ ಪಡೆಯುತ್ತಿದ್ದಾನೆ. ವಿದ್ಯಾವಂತ ಕಲಾವಿದೆಗೆ ಅದು ಅಗೌರವವೇ? ತಿಂಗಳ ವಸೂಲಿಯೇ ಬೇಕೆನ್ನುವವರಿಗೆ 2020ರಿಂದ ಯುಪಿಐಯಲ್ಲೇ ತಾನಾಗಿ ಹಣ ಸಲ್ಲುವ ಏರ್ಪಾಡೂ ಇದೆ. ಅದಕ್ಕೆ ಪಾವತಿ ಕಂಪನಿಯೊಂದರ ನೆರವು ಬೇಕು, ಅದರ ವೆಚ್ಚ ಶೇಕಡಾ 2ರ ಆಸುಪಾಸು. ಇವೆಲ್ಲಕ್ಕಿಂತ ಮುಖ್ಯವಾಗಿ ಕೊಟ್ಟವರ ಹೆಸರು, ವಿಳಾಸ, ದೂರವಾಣಿ ಅವಳದೇ ವಹಿಯಲ್ಲಿರಲಿ. ಪರದೇಶದ ತಾಣ ಬೇಡವೇ ಬೇಡವೆಂದೇನೂ ಅಲ್ಲ; ಕ್ಯಾಲಿಫೋರ್ನಿಯದಲ್ಲಿರುವ ಸಾಗರದ ಹುಡುಗನಿಗೆ ಅದೊಂದು ಕಿಟಕಿಯಾಗಿರಲಿ. ಹೆಬ್ಬಾಗಿಲಾಗುವುದು ಬೇಡ.

'ಒಬ್ಬಳೇ ಹುಡುಗಿ ವಹಿ ಬರೆಯುತ್ತ, ಜ್ಞಾಪಿಸುತ್ತ ಕೂತರೆ ಹಾಡು ಸಂಗ್ರಹಿಸುವುದು ಯಾವಾಗ? ಕಂಪನಿ ಅದನ್ನೆಲ್ಲ ತಾನೇ ಮಾಡುತ್ತದೆ, ಅದಕ್ಕೇ ಅಲ್ಲವೇ ಆ ಶೇಕಡಾ 10?' ಎಂದು ಕೇಳುತ್ತಾರೆ. ಈ ಆಕ್ಷೇಪಕ್ಕೆ ತೂಕವಿದೆ. ಇದಕ್ಕೆ ಉತ್ತರ ಒಬ್ಬಳಿಂದ ಆಗದು. 1945ರಲ್ಲಿ ಕೊಟ್ಟಾಯಂನಲ್ಲಿ ಹನ್ನೆರಡು ಮಂದಿ ಮಲಯಾಳ ಲೇಖಕರು ಸೇರಿ ತಮ್ಮದೇ ಸಹಕಾರಿ ಸಂಘ ಕಟ್ಟಿ ಪುಸ್ತಕ ಪ್ರಕಟಿಸಿದರು. ಲೇಖಕನಿಗೆ ಶೇಕಡಾ 30ರಷ್ಟು ಗೌರವಧನ ಕೊಟ್ಟರು. 1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿಸಿದ ನಾಡು ನಮ್ಮದು. ಹಾಡುವ, ಬರೆಯುವ, ಚಿತ್ರ ತೆಗೆಯುವ ಇಪ್ಪತ್ತು ಮಂದಿ ತರುಣರು ಒಂದು ಗುಮಾಸ್ತೆಯನ್ನಿಟ್ಟುಕೊಂಡು ಒಂದು ವಹಿ ನಡೆಸಲಾರರೇ? ಹೆಚ್ಚೆಂದರೆ ಶೇಕಡಾ 5 ಖರ್ಚಾದೀತು. ಆ 5 ಶಿರಸಿಯಲ್ಲೇ ಯಾರೋ ಒಬ್ಬರ ಸಂಬಳವಾಗುತ್ತದೆ.

ಕೊನೆಗೆ ಕಾಯಿದೆಯ ಒಂದು ಮಾತು, ಏಕೆಂದರೆ ಲ್ಯಾಪ್‌ಟಾಪಿನವರು ಇದನ್ನು ಹೇಳುವುದೇ ಇಲ್ಲ. ಪರದೇಶದ ಪೌರತ್ವ ಪಡೆದ ನಮ್ಮವರೇ ಆದರೂ ಅವರು ಕೊಟ್ಟ ದೇಣಿಗೆ 2010ರ ವಿದೇಶೀ ದೇಣಿಗೆ ಕಾಯಿದೆಯ ಕಣ್ಣಿನಲ್ಲಿ ಪರದೇಶದ ಹಣವೇ. ಸುದ್ದಿ, ಪ್ರಚಲಿತ ವಿದ್ಯಮಾನಗಳ ಕಾರ್ಯಕ್ರಮ ತಯಾರಿಸುವವರಂತೂ ಅದನ್ನು ಮುಟ್ಟುವಂತಿಲ್ಲ. ಭಾರತದ ಪೌರತ್ವವನ್ನು ಉಳಿಸಿಕೊಂಡ ಅನಿವಾಸಿಯ ಸಂಪಾದನೆಗೆ ಈ ತೊಡಕಿಲ್ಲ. ಕೊಟ್ಟ ಸರಕಿಗೆ ಪಡೆದ ಬೆಲೆಯನ್ನೂ ಕಾಯಿದೆ ದೇಣಿಗೆಯೆಂದು ಎಣಿಸುವುದಿಲ್ಲ. ಚಂದಾ ಎನ್ನು, ಸಂಪುಟ ಕೊಡು, ರಸೀದಿ ಬರೆ ಎಂದು ನಾನು ಹಟ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಈ ದೀಪಾವಳಿಯ ಹೊತ್ತಿಗೆ ಅವಳ ವಹಿಯಲ್ಲಿ ಅರುವತ್ತನಾಲ್ಕು ಹೆಸರುಗಳಿವೆ. ಕವಳ ಉಗುಳಿ ಎದ್ದುಹೋದ ಹಿರಿಯರ ಹೆಸರು ಅದರಲ್ಲಿಲ್ಲ. ಅವರ ಸೊಸೆಯದು ಇದೆ.